ಓದಿನ ಸಾಲಕ್ಕೆ ಹೆದರಬೇಡ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನೀನು ಮೈಸೂರಿನಲ್ಲಿ ಲಾ ಓದಲು ಹೊರಟಿದ್ದೀಯ ಅಂತ ಕೇಳಿ ತುಂಬಾ ಖುಷಿಯಾಯಿತು. ನಮ್ಮ ಕೊಡಗಿನ ಕಡೆ ಮಿಲಿಟರಿಯಿಂದ ರಿಟೈರಾಗಿ ಬಂದವರು ಎಷ್ಟು ಜನ ಇಲ್ಲ! ಅವರಲ್ಲಿ ನಲವತ್ತಕ್ಕೆ ಮತ್ತೆ ಪುಸ್ತಕ ಹಿಡಿಯುತ್ತೇನೆ ಅನ್ನುವವರು ಕಡಿಮೆ. ಓದು ಮಾರಾಯ. ಯಾರು ಏನಂದರೂ ಓದು.

ಆದರೆ ನೀನು ಫೋನಿನಲ್ಲಿ ಹೇಳಿದ್ದು ನನ್ನ ತಲೆಯಿಂದ ಹೋಗುತ್ತಿಲ್ಲ. ಸಾಲ ಗೀಲ ಬೇಡ, ಪೆನ್ಷನ್ ಜೊತೆ ಸಿಕ್ಕಿದ ಗಂಟಿದೆ, ಅದು ಸಾಲದಿದ್ದರೆ ಸೊಸೈಟಿಯ ಬೆಳೆಸಾಲ ಇದೆ, ಅದೂ ಮುಗಿದರೆ ಮನೆಯಲ್ಲಿ ಒಡವೆ ಇದೆ ಅಂದೆ. ಅವತ್ತು ನೆಟ್‌ವರ್ಕ್ ಕೈಕೊಟ್ಟಿತು, ಮಾತು ಅಲ್ಲಿಗೇ ನಿಂತಿತು. ಹಾಗಾಗಿ ಬರೆಯುತ್ತಿದ್ದೇನೆ. ಎಲ್ಲರೂ ಓದುವ ಹಾಗೆ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಹಾಗೆ ಯೋಚಿಸುವವರು ಬೇಕಾದಷ್ಟು ಜನ ಇದ್ದಾರೆ.

ನಾನು ಹೇಳುವುದು ಇಷ್ಟೇ. ಓದಿಗೆ ಓದಿನ ಸಾಲವನ್ನೇ ಮಾಡು. ತೋಟದ ದುಡ್ಡು, ಮನೆಯ ದುಡ್ಡು, ಓದಿನ ದುಡ್ಡು ಮೂರನ್ನೂ ಬೆರೆಸಬೇಡ. ಮನೆ ನಡೆಸುತ್ತಾ ಬಿ.ಎಡ್. ಓದುತ್ತಿರುವ ನನಗೆ ಕೈ ಹಿಡಿದಿದ್ದು ಇದೊಂದೇ ಲೆಕ್ಕಾಚಾರ.

ಮೊದಲು ಬೆಳೆಸಾಲದ ಮಾತು. ಸೊಸೈಟಿಯಲ್ಲಿ 5 ಲಕ್ಷದವರೆಗೆ ಬಡ್ಡಿ ಇಲ್ಲದೆ ಸಿಗುತ್ತದೆ, ನಿಜ. ಆದರೆ ಗಡುವಿನೊಳಗೆ ಕಟ್ಟಿದರೆ ಮಾತ್ರ ಬಡ್ಡಿ ಇಲ್ಲ. ಕಟ್ಟುವುದು ತಪ್ಪಿದರೆ ಬಡ್ಡಿಯೂ ಬರುತ್ತದೆ, ಮುಂದಿನ ವರ್ಷದ ಸಾಲಕ್ಕೂ ತೊಂದರೆ. ಅದು ವರ್ಷದೊಳಗೆ ತಿರುಗಬೇಕಾದ ದುಡ್ಡು. ನಿನ್ನ ಓದು ಮೂರು ವರ್ಷ. ಫೀಸಿಗೆ ಅದನ್ನು ಹಾಕಿದರೆ ಗೊಬ್ಬರಕ್ಕೆ, ಔಷಧಿಗೆ, ಕಾಫಿ ಕುಯ್ಯುವ ಆಳುಗಳ ವಾರದ ಬಟವಾಡೆಗೆ ಏನು ಮಾಡುತ್ತೀಯ? ಒಂದು ವರ್ಷ ತೋಟಕ್ಕೆ ಗೊಬ್ಬರ ಬೀಳದಿದ್ದರೆ ಮುಂದಿನ ಫಸಲಿನಲ್ಲಿ ಅದು ಕಾಣಿಸುತ್ತದೆ ಅಂತ ನಿನಗೆ ನಾನು ಹೇಳಿಕೊಡಬೇಕಾ.

ಒಡವೆ ಸಾಲವೂ ಹೆಚ್ಚಾಗಿ ಒಂದು ವರ್ಷದ್ದೇ. ವರ್ಷ ಮುಗಿದಾಗ ಬಡ್ಡಿ ಕಟ್ಟಿ ಮತ್ತೆ ಹೊಸದು ಮಾಡಿಸಬೇಕು. ಓದು ಮುಗಿಯುವ ತನಕ ಕಾಯುತ್ತೇನೆ ಅನ್ನುವ ಮಾತೇ ಅದರಲ್ಲಿ ಇಲ್ಲ. ಇನ್ನೊಂದು ವಿಷಯ, ಇದನ್ನು ಹೆಂಗಸಾಗಿ ಹೇಳುತ್ತೇನೆ. ನಿನ್ನ ಹೆಂಡತಿಯ ಜೋಮಾಲೆ, ಪತ್ತಾಕ್ ಅವಳಿಗೆ ತವರಿನಿಂದ ಬಂದಿದ್ದು. ಕೇಳಿದರೆ ಅವಳು ಇಲ್ಲ ಅನ್ನುವುದಿಲ್ಲ. ಅದಕ್ಕೇ ಕೇಳಬೇಡ ಅನ್ನುತ್ತೇನೆ. ಮನೆಯಲ್ಲಿ ಯಾರಾದರೂ ಹುಷಾರು ತಪ್ಪಿದ ರಾತ್ರಿಗೆ ಅದು ಪೆಟ್ಟಿಗೆಯಲ್ಲಿ ಇರಬೇಕು.

ಇನ್ನು ನಿನ್ನ ಗಂಟು. ಅದನ್ನು ಎಫ್‌ಡಿಯಲ್ಲಿ ಇಟ್ಟು ಕಡಿಮೆ ಬಡ್ಡಿ ತಗೊಳ್ಳುತ್ತಾ, ಹೊರಗೆ ಜಾಸ್ತಿ ಬಡ್ಡಿಗೆ ಸಾಲ ಮಾಡುವುದು ದಡ್ಡತನ ಅಲ್ವಾ ಅಂತ ನೀನು ಕೇಳಬಹುದು. ಬರೀ ಬಡ್ಡಿ ನೋಡಿದರೆ ಹೌದು. ಆದರೆ ನಾವಿರುವುದು ಕೊಡಗಿನಲ್ಲಿ. 2018ರ ಆಗಸ್ಟ್ ನೆನಪಿದೆಯಲ್ಲ. 2019ರಲ್ಲಿ ಮತ್ತೆ, 2020ರಲ್ಲಿ ತಲಕಾವೇರಿಯಲ್ಲಿ ಮತ್ತೆ ಗುಡ್ಡ ಜಾರಿತು. ಒಂದು ಬರೆ ಕುಸಿದರೆ ಸಾಕು, ದಾರಿ, ಕೊಟ್ಟಿಗೆ, ಅಡಿಗೆಮನೆ ಗೋಡೆ ಎಲ್ಲಕ್ಕೂ ತಕ್ಷಣ ದುಡ್ಡು ಬೇಕು. ಅವತ್ತು ಯಾವ ಬ್ಯಾಂಕೂ ಓಡಿ ಬಂದು ಕೊಡುವುದಿಲ್ಲ. ಎರಡು ಬಡ್ಡಿಗಳ ನಡುವಿನ ಆ ಒಂದಷ್ಟು ದುಡ್ಡು ಹೋದರೆ ಹೋಗಲಿ, ಗಂಟು ಕೈಯಲ್ಲಿರಲಿ. ಬೇಕಾದರೆ ಮೊದಲ ವರ್ಷದ ಅಡ್ಮಿಷನ್ ಫೀಸಿಗೆ ಅದರಿಂದ ಒಂದಿಷ್ಟು ತೆಗೆ, ಅದಕ್ಕಿಂತ ಮುಂದೆ ಹೋಗಬೇಡ.

ಈಗ ಬ್ಯಾಂಕಿಗೆ ಬರೋಣ. ನಾನು ಹೋದಾಗ ಕೌಂಟರಿನಲ್ಲಿ ಕೂತಿದ್ದವರು ಅರ್ಜಿ ನೋಡಿ "ಮಗಳಿಗಾ?" ಅಂದರು. ನನಗೇ ಅಂದೆ. "ಈ ವಯಸ್ಸಿಗೆ ಎಜುಕೇಶನ್ ಲೋನ್ ಬರಲ್ಲ ಮೇಡಂ" ಅಂದರು. ಅದು ಸುಳ್ಳು. ಬ್ಯಾಂಕುಗಳ ಸಂಘದ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ವಯಸ್ಸಿಗೆ ಮಿತಿ ಇಲ್ಲ. ಮದುವೆಯಾದವರಿಗೆ ಅಪ್ಪ ಅಮ್ಮನ ಬದಲು ಗಂಡನೋ ಹೆಂಡತಿಯೋ ಜೊತೆಗೆ ಸಹಿ ಹಾಕಬಹುದು ಅಂತಲೂ ಅದರಲ್ಲೇ ಇದೆ. ಆಗಲ್ಲ ಅನ್ನುವುದನ್ನೇ ಬರೆದುಕೊಡಿ, ಕಾರಣವನ್ನೂ ಬರೆಯಿರಿ ಅಂದೆ. ಬರೆದುಕೊಡಿ ಅಂದ ಕೂಡಲೇ ಮಾತಿನ ಧಾಟಿಯೇ ಬದಲಾಯಿತು. ನೀನೂ ಹಾಗೇ ಮಾಡು. ದೂರು ಕೊಟ್ಟು 30 ದಿನವಾದರೂ ಬ್ಯಾಂಕು ಸರಿಯಾಗಿ ಉತ್ತರ ಕೊಡದಿದ್ದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸುವ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ ಹತ್ತಿರ ಹೋಗಬಹುದು. ದೂರನ್ನು ಆನ್‌ಲೈನಿನಲ್ಲೇ ಕೊಡಬಹುದು, ಖರ್ಚಿಲ್ಲ. ಒಂದೇ ಬ್ರಾಂಚಿಗೆ ಅಲೆಯುವ ಕರ್ಮವೂ ಬೇಡ. ಶಿಕ್ಷಣ ಸಾಲಕ್ಕಾಗಿಯೇ ಇರುವ ವಿದ್ಯಾಲಕ್ಷ್ಮಿ ಅನ್ನುವ ಸರ್ಕಾರಿ ವೆಬ್‌ಸೈಟಿನಲ್ಲಿ ಅರ್ಜಿ ಹಾಕು.

ಎಷ್ಟು ಸಾಲ ಕೇಳಬೇಕು ಅನ್ನುವುದರಲ್ಲಿ ನಮ್ಮ ಜಿಲ್ಲೆಯವರು ಸ್ವಲ್ಪ ಜಾಸ್ತಿ ಯೋಚಿಸಬೇಕು. ನಿನ್ನ ತೋಟ ಜಮ್ಮಾ ಜಾಗ, ಅಂದರೆ ಇಡೀ ಒಕ್ಕಕ್ಕೆ, ಕುಟುಂಬಕ್ಕೆ, ಸೇರಿದ ವಂಶಪಾರಂಪರ್ಯದ ಜಮೀನು. ಆರ್‌ಟಿಸಿ ತೆಗೆಸಿದರೆ ಪಟ್ಟೇದಾರರ ಹೆಸರು, ಅದರ ಜೊತೆಗೆ ಒಕ್ಕದವರ ಹೆಸರುಗಳು. ಅದನ್ನು ಅಡವಿಡುತ್ತೇನೆ ಅಂದರೆ ಬ್ಯಾಂಕು ಎಲ್ಲರ ಒಪ್ಪಿಗೆ ಕೇಳುತ್ತದೆ. ಬೆಂಗಳೂರಿನಲ್ಲಿರುವ ಚಿಕ್ಕಪ್ಪ, ದುಬೈನಲ್ಲಿರುವ ಅವರ ಮಗ, ಮಾತು ಬಿಟ್ಟಿರುವ ದೊಡ್ಡಪ್ಪನ ಮನೆಯವರು, ಎಲ್ಲರೂ ಸಹಿ ಹಾಕುವಷ್ಟರಲ್ಲಿ ನಿನ್ನ ಮೂರು ವರ್ಷ ಮುಗಿದಿರುತ್ತದೆ. ಅದರ ಸಹವಾಸವೇ ಬೇಡ. 4 ಲಕ್ಷದವರೆಗಿನ ಶಿಕ್ಷಣ ಸಾಲಕ್ಕೆ ಅಡಮಾನ ಬೇಕಿಲ್ಲ, ನಿನ್ನ ಕೈಯಿಂದ ಇಂತಿಷ್ಟು ಪಾಲು ಹಾಕಬೇಕು ಅಂತಲೂ ಇಲ್ಲ. ಸರ್ಕಾರದ ಖಾತರಿ ನಿಧಿಯಡಿ ಕೊಟ್ಟರೆ ಏಳೂವರೆ ಲಕ್ಷದವರೆಗೂ ಅಡಮಾನವಿಲ್ಲದೆ, ಹೊರಗಿನವರ ಜಾಮೀನಿಲ್ಲದೆ ಸಿಗುತ್ತದೆ. ನೀನು 4 ಲಕ್ಷದ ಒಳಗೇ ಮುಗಿಸು.

ಒಂದು ಲೆಕ್ಕ ಹಾಕಿದ್ದೇನೆ, ಪೆನ್ನು ಹಿಡಿದು ನೀನೂ ಹಾಕಿ ನೋಡು. ಫೀಸು, ಹಾಸ್ಟೆಲು, ಪುಸ್ತಕ ಸೇರಿ ವರ್ಷಕ್ಕೆ 1 ಲಕ್ಷ 20 ಸಾವಿರ ಅಂತಿಟ್ಟುಕೋ. ಬ್ಯಾಂಕು ಒಟ್ಟಿಗೆ ಕೊಡುವುದಿಲ್ಲ, ವರ್ಷ ವರ್ಷಕ್ಕೆ ಕಾಲೇಜಿನ ಖಾತೆಗೇ ಕಳಿಸುತ್ತದೆ. ಮೂರು ವರ್ಷಕ್ಕೆ 3 ಲಕ್ಷ 60 ಸಾವಿರ. ಬಡ್ಡಿ ಶೇ 10 ಅಂತಿಟ್ಟುಕೋ. ಓದುವಾಗ ಮತ್ತು ಓದು ಮುಗಿದ ಮೇಲೆ ಇನ್ನೊಂದು ವರ್ಷ ಕಂತು ಕಟ್ಟಬೇಕಿಲ್ಲ. ಆದರೆ ಬಡ್ಡಿ ಸುಮ್ನೆ ಕೂತಿರುವುದಿಲ್ಲ. ಸರಳ ಬಡ್ಡಿಯೇ ಆದರೂ ಆ ನಾಲ್ಕು ವರ್ಷಕ್ಕೆ 1 ಲಕ್ಷ 8 ಸಾವಿರ ಆಗುತ್ತದೆ. ಕಂತು ಶುರುವಾಗುವ ದಿನ ನಿನ್ನ ಸಾಲ 4 ಲಕ್ಷ 68 ಸಾವಿರ. ಏಳು ವರ್ಷಕ್ಕೆ ತೀರಿಸುವುದಾದರೆ ತಿಂಗಳಿಗೆ ಸುಮಾರು 7,770 ರೂಪಾಯಿ.

ಬದಲಿಗೆ ಬಡ್ಡಿಯನ್ನು ತಿಂಗಳು ತಿಂಗಳೂ ಕಟ್ಟುತ್ತಾ ಬಂದರೆ? ಮೊದಲ ವರ್ಷ ತಿಂಗಳಿಗೆ 1,000. ಎರಡನೇ ವರ್ಷ 2,000. ಆಮೇಲಿನ ಎರಡು ವರ್ಷ 3,000. ನಿನ್ನ ಪೆನ್ಷನ್ನಿನಲ್ಲಿ ಇದು ಕಷ್ಟವಲ್ಲ. ಆಗ ಕಂತು ಸುಮಾರು 5,980ಕ್ಕೆ ಇಳಿಯುತ್ತದೆ. ಒಟ್ಟು ಲೆಕ್ಕದಲ್ಲಿ 40 ಸಾವಿರಕ್ಕಿಂತ ಜಾಸ್ತಿ ಉಳಿಯುತ್ತದೆ. ಓದುವಾಗಲೇ ಬಡ್ಡಿ ಕಟ್ಟುವವರಿಗೆ ಬಡ್ಡಿದರದಲ್ಲಿ ಶೇ 1ರಷ್ಟು ಕಡಿಮೆ ಮಾಡಲು ಮಾದರಿ ಯೋಜನೆಯಲ್ಲಿ ಅವಕಾಶ ಇದೆ. ಸಹಿ ಹಾಕುವ ಮೊದಲೇ ಅದನ್ನು ಕೇಳು, ಅವರಾಗಿಯೇ ಹೇಳಲಿ ಅಂತ ಕಾಯಬೇಡ.

ನಾನು ಇದನ್ನೇ ಮಾಡುತ್ತಿದ್ದೇನೆ. ತಿಂಗಳ ಮೊದಲ ವಾರ ಸುಂಟಿಕೊಪ್ಪಕ್ಕೆ ಸಾಮಾನಿಗೆ ಹೋದಾಗ ಪಾಸ್‌ಬುಕ್ ಎಂಟ್ರಿ ಹಾಕಿಸಿಕೊಂಡು ಬರುತ್ತೇನೆ. ಮೊಬೈಲಿನಲ್ಲಿ ನೋಡಬಹುದು, ಗೊತ್ತು. ಆದರೆ ಆ ಸಾಲು ಅಚ್ಚಾಗಿ, ಅಸಲು ಒಂದು ರೂಪಾಯಿಯೂ ಬೆಳೆಯದೆ ಅಲ್ಲೇ ನಿಂತಿರುವುದು ನೋಡಿದರೆ ಆ ರಾತ್ರಿ ಓದಲು ಮನಸ್ಸು ಬರುತ್ತದೆ.

ಕಂತಿನ ಅವಧಿ 15 ವರ್ಷದವರೆಗೂ ಎಳೆಯಬಹುದು. ಕಂತು 5,030ರ ಹತ್ತಿರ ಬರುತ್ತದೆ, ಕೇಳಲು ಹಗುರ. ಆದರೆ 4 ಲಕ್ಷ 68 ಸಾವಿರಕ್ಕೆ 9 ಲಕ್ಷ ಕಟ್ಟಿರುತ್ತೀಯ. ಅಷ್ಟೇ ಅಲ್ಲ, ಈಗ ನಿನಗೆ ನಲವತ್ತು, ಸಾಲ ಮುಗಿಯುವಾಗ ಐವತ್ತೊಂಬತ್ತು. ಇಪ್ಪತ್ತರ ಹುಡುಗರಿಗೆ ಆ ಅವಧಿ ಸರಿ. ನಮಗೆ ಏಳು ವರ್ಷ ಸಾಕು. ಕಾಫಿಗೆ ಒಳ್ಳೆ ರೇಟು ಸಿಕ್ಕಿದ ವರ್ಷ ಇನ್ನೂ ಬೇಗ ತೀರಿಸು, ಮುಂಚೆ ಕಟ್ಟಿದ್ದಕ್ಕೆ ದಂಡ ಇಲ್ಲ.

ಇಲ್ಲೇ ಇನ್ನೊಂದು ಮಾತು. ಕಂತಿನ ಲೆಕ್ಕದಲ್ಲಿ ವಕೀಲಿಕೆಯ ಸಂಪಾದನೆಯನ್ನು ಸೇರಿಸಲೇಬೇಡ. ಮಡಿಕೇರಿಯಾಗಲಿ ವಿರಾಜಪೇಟೆಯಾಗಲಿ, ಮೊದಲ ಕೆಲವು ವರ್ಷ ಸೀನಿಯರ್ ಹತ್ತಿರ ಜೂನಿಯರ್ ಆಗಿ ನಿಂತವರ ಕೈಗೆ ಸಿಗುವುದು ಬಸ್ ಚಾರ್ಜಿಗೆ ಸಾಲುವಷ್ಟು. ಕಂತು ಪೆನ್ಷನ್ನಿನಿಂದಲೇ ಹೋಗುತ್ತದೆ ಅಂತ ಲೆಕ್ಕ ಹಾಕು. ಹಾಗೆ ಹಾಕಿದಾಗಲೂ ಮನೆ ನಡೆಯುತ್ತದೆ ಅಂದರೆ ಧೈರ್ಯವಾಗಿ ಹೋಗು. ಸಮಾಧಾನದ ವಿಷಯ, ವಕೀಲರ ಪರಿಷತ್ತಿನಲ್ಲಿ ನೋಂದಾಯಿಸಲು ಈಗ ಸಾವಿರಾರು ರೂಪಾಯಿ ಸುರಿಯಬೇಕಿಲ್ಲ. ಕಾಯ್ದೆಯಲ್ಲಿರುವ 750 ರೂಪಾಯಿಗಿಂತ ಜಾಸ್ತಿ ಶುಲ್ಕ ತಗೊಳ್ಳಬಾರದು, ಪರಿಶಿಷ್ಟರಿಗೆ 125 ರೂಪಾಯಿ ಅಂತ 2024ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ದುಡ್ಡು ಬರುವ ಕಾಲ ಮತ್ತು ಹೋಗುವ ಕಾಲ ನಮ್ಮಲ್ಲಿ ಯಾವತ್ತೂ ಹೊಂದುವುದಿಲ್ಲ, ಅಲ್ವಾ? ಕಾಫಿ ದುಡ್ಡು ಕೈಗೆ ಬರುವುದು ಕುಯ್ಲು ಮುಗಿದ ಮೇಲೆ. ಕಾಲೇಜಿನ ಫೀಸು, ಮಕ್ಕಳ ಫೀಸು, ಕೈಲ್‌ಪೊಳ್ದ್ ಹಬ್ಬದ ಖರ್ಚು ಎಲ್ಲ ಬರುವುದು ಮಳೆಗಾಲದಲ್ಲಿ, ತೋಟದಿಂದ ಒಂದು ಕಾಸೂ ಬರದ ತಿಂಗಳುಗಳಲ್ಲಿ. ಅದಕ್ಕೆ ನಾನು ಕರಿಮೆಣಸನ್ನು ಬೇರೆಯಾಗಿ ಇಡುತ್ತೇನೆ. ಚೆನ್ನಾಗಿ ಒಣಗಿಸಿ, ಒಳಗೆ ಪ್ಲಾಸ್ಟಿಕ್ ಹಾಕಿದ ಗೋಣಿಗೆ ತುಂಬಿ, ಒಲೆಯ ಬಿಸಿ ತಾಗುವ ಅಟ್ಟದಲ್ಲಿ ಇಟ್ಟಿರುತ್ತೇನೆ. ಕಾಫಿ ಮಾರಿದ ದುಡ್ಡು ತೋಟಕ್ಕೂ ಸೊಸೈಟಿಗೂ ಹೋಗುತ್ತದೆ. ಮೆಣಸಿನ ಚೀಲ ಮಾತ್ರ ಓದಿನದು ಅಂತ ಮನೆಯಲ್ಲಿ ಎಲ್ಲರಿಗೂ ಗೊತ್ತು. ಫೀಸಿನ ಜೊತೆ ಬರುವ ಪರೀಕ್ಷೆ ಶುಲ್ಕ, ಪ್ರಾಜೆಕ್ಟು, ಜೆರಾಕ್ಸು ಇವಕ್ಕೆ ಬೇಕಾದಾಗ ಒಂದಿಷ್ಟು ಕೆಜಿ ತೂಗಿಸಿ ಕೊಡುತ್ತೇನೆ. ಹೋದ ವರ್ಷ ಅತ್ತೆಯೇ ಒಂದು ಚೀಲ ಕೈಯಿಂದ ಆರಿಸಿ, ಹೊಟ್ಟು ತೂರಿ, ಬಾಯಿ ಹೊಲಿದು ಇಟ್ಟರು. ನಾನು ಓದುವುದನ್ನು ಮೊದಲು ಒಪ್ಪದೆ ಇದ್ದವರು ಅವರೇ.

ಸಬ್ಸಿಡಿ ಸಿಗುತ್ತದಾ ಅಂತ ನೀನು ಕೇಳಿದ್ದೆ. 2024ರ ನವೆಂಬರಿನಲ್ಲಿ ಒಪ್ಪಿಗೆ ಸಿಕ್ಕಿದ ಪಿಎಂ ವಿದ್ಯಾಲಕ್ಷ್ಮಿ ಯೋಜನೆ ಪಟ್ಟಿಯಲ್ಲಿರುವ ಸಂಸ್ಥೆಗಳಿಗೆ ಮಾತ್ರ. ನಿನ್ನ ಕಾಲೇಜು ಪಟ್ಟಿಯಲ್ಲಿದ್ದು, ಮನೆಯ ಆದಾಯ ವರ್ಷಕ್ಕೆ 8 ಲಕ್ಷದ ಒಳಗಿದ್ದರೆ ಕಂತು ಶುರುವಾಗುವ ತನಕ ಬಡ್ಡಿಯಲ್ಲಿ ಶೇ 3 ಸರ್ಕಾರ ಕೊಡುತ್ತದೆ. ಆದಾಯ ನಾಲ್ಕೂವರೆ ಲಕ್ಷದ ಒಳಗಿದ್ದು ವೃತ್ತಿಪರ ಕೋರ್ಸ್ ಆದರೆ ಆ ಅವಧಿಯ ಪೂರ್ತಿ ಬಡ್ಡಿಯನ್ನೇ ಕೊಡುವ ಇನ್ನೊಂದು ಕೇಂದ್ರ ಯೋಜನೆ ಇದೆ. ಅದಕ್ಕೆ ಕಾಲೇಜಿಗೆ ಗುಣಮಟ್ಟ ನೋಡಿ ಕೊಡುವ ನ್ಯಾಕ್ ಮಾನ್ಯತೆ ಇದೆಯಾ ಅಂತ ಮೊದಲು ನೋಡು, ನಾಡಕಚೇರಿಯಲ್ಲಿ ಆದಾಯ ಪ್ರಮಾಣಪತ್ರಕ್ಕೆ ಈಗಲೇ ಅರ್ಜಿ ಕೊಡು. ಶಿಕ್ಷಣ ಸಾಲದ ಬಡ್ಡಿಗೆ 80ಇ ತೆರಿಗೆ ವಿನಾಯಿತಿ ಅಂತ ಯಾರಾದರೂ ಆಸೆ ತೋರಿಸಿದರೆ ಅದರ ಹಿಂದೆ ಬೀಳಬೇಡ. ಅದು ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ. ನಿನ್ನ ಪೆನ್ಷನ್ನಿಗೆ ಹೊಸ ಪದ್ಧತಿಯಲ್ಲಿ ತೆರಿಗೆಯೇ ಬರುವುದಿಲ್ಲ.

ಬ್ಯಾಂಕಿನಲ್ಲಿ ಸಾಲದ ಜೊತೆ ವಿಮೆಯ ಕಾಗದವನ್ನೂ ಮುಂದಿಡುತ್ತಾರೆ. ಪ್ರೀಮಿಯಂ ಎಷ್ಟು, ಅದನ್ನು ಸಾಲಕ್ಕೇ ಸೇರಿಸುತ್ತಾರಾ, ಎರಡನ್ನೂ ಕೇಳಿಯೇ ಸಹಿ ಹಾಕು. ನಮ್ಮ ವಯಸ್ಸಿಗೆ ಪ್ರೀಮಿಯಂ ಜಾಸ್ತಿ. ಮತ್ತೆ, ನಿನ್ನ ಭಾವನ ಪಿಕಪ್ ಸಾಲಕ್ಕೆ ಜಾಮೀನು ಹಾಕಿದ್ದೀಯಲ್ಲ, ಆ ಕಂತು ತಪ್ಪಿದ್ದರೆ ಸಾಲ ಕಟ್ಟಿದ್ದರ ದಾಖಲೆಯಾದ ನಿನ್ನ ಸಿಬಿಲ್ ರಿಪೋರ್ಟಿಗೂ ಪೆಟ್ಟು ಬೀಳುತ್ತದೆ. ವರ್ಷಕ್ಕೊಮ್ಮೆ ಆ ರಿಪೋರ್ಟು ಪುಕ್ಕಟೆ ಸಿಗುತ್ತದೆ. ಅರ್ಜಿ ಹಾಕುವ ಮೊದಲು ತೆಗೆದು ನೋಡು. ಏನಾದರೂ ಇದ್ದರೆ ಭಾವನ ಹತ್ತಿರ ಸಂಕೋಚ ಬಿಟ್ಟು ಮಾತಾಡು.

ಓಡಾಟದ ಖರ್ಚನ್ನು ಸಾಲಕ್ಕೆ ಹಾಕಬೇಡ. 2023ರ ಜೂನ್‌ನಿಂದ ನಾವು ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ, ಅದರಿಂದ ನನಗೆ ದೊಡ್ಡ ಉಪಕಾರವಾಗಿದೆ. ನಿನಗೆ ಆ ಅನುಕೂಲ ಇಲ್ಲ. ಗೋಣಿಕೊಪ್ಪದಿಂದ ತಿತಿಮತಿ, ಹುಣಸೂರು ದಾಟಿ ವಾರವಾರ ಬಂದು ಹೋಗುವುದು ಖರ್ಚೂ ಹೌದು, ಆಯಾಸವೂ ಹೌದು. ಕುಯ್ಲಿನ ತಿಂಗಳುಗಳಲ್ಲಿ ವಾರವಾರ ಬಾ. ಉಳಿದ ಸಮಯದಲ್ಲಿ ಹದಿನೈದು ದಿನಕ್ಕೊಮ್ಮೆ ಸಾಕು, ನಡುವಿನ ವಾರ ನಿನ್ನ ಹೆಂಡತಿಯೇ ಅಲ್ಲಿಗೆ ಬರಲಿ, ಅವಳಿಗೆ ಟಿಕೆಟಿಲ್ಲ.

ಕಾಲೇಜಿನಿಂದ ಮೂರು ವರ್ಷದ ಫೀಸು ಪಟ್ಟಿಯನ್ನು ಸೀಲು ಹಾಕಿಸಿ ತಗೋ, ಅದಿಲ್ಲದೆ ಬ್ಯಾಂಕಿನಲ್ಲಿ ಒಂದು ಹೆಜ್ಜೆಯೂ ಮುಂದೆ ಹೋಗುವುದಿಲ್ಲ. ಪೆನ್ಷನ್ ಆರ್ಡರ್, ಮಾರ್ಕ್ಸ್ ಕಾರ್ಡುಗಳು, ಇಬ್ಬರ ಆಧಾರ್, ಪಾನ್ ಜೊತೆಗಿಟ್ಟುಕೋ. ಎಲ್ಲ ಹಿಡಿದು ಬರುವ ಭಾನುವಾರ ನಮ್ಮ ಮನೆಗೆ ಬಾ, ಅರ್ಜಿಯನ್ನು ಒಟ್ಟಿಗೆ ಕೂತು ತುಂಬೋಣ. ಅವಳನ್ನೂ ಕರೆದುಕೊಂಡು ಬಾ. ಸಹಿ ಹಾಕುವವಳು ಅವಳು, ಲೆಕ್ಕ ಅವಳಿಗೂ ಗೊತ್ತಿರಬೇಕು.

ಇತಿ ನಿನ್ನ ಶಾಲೆಯ ಗೆಳತಿ