ಮಗಳಿಗೊಂದು ಪತ್ರ: ಬಸವನಿಲ್ಲದ ಶಿವ

ಪುಟ್ಟೀ,

ತಂಜಾವೂರಿನಿಂದ ಒಂದು ಫೋಟೋನೂ ಕಳಿಸಲಿಲ್ಲ ಅಂತ ಮುನಿಸು, ಅಲ್ವಾ? ಅರಮನೆಯ ಸರಸ್ವತಿ ಮಹಲ್ ಗ್ರಂಥಾಲಯದಲ್ಲಿ ಫೋಟೋ ತೆಗೆಯೋ ಹಾಗಿಲ್ಲ. ಆಮೇಲೆ ಫೋನಿನ ಚಾರ್ಜೇ ಮುಗಿಯಿತು. ಅದಕ್ಕೇ ಈ ಕಾಗದ.

ಅಲ್ಲಿ 40,000ಕ್ಕೂ ಜಾಸ್ತಿ ಹಸ್ತಪ್ರತಿಗಳಿವೆ. ಓಲೆಗರಿಯವೂ ಉಂಟು, ಕಾಗದದವೂ ಉಂಟು. ಬಹುಪಾಲು ಸಂಸ್ಕೃತ. ಆ ಕಪಾಟುಗಳ ತನಕ ನಮ್ಮನ್ನು ಬಿಡುವುದಿಲ್ಲ, ಅದು ಓದಲು ಬರುವವರಿಗೆ. ನಮ್ಮಂಥವರಿಗೆ ಸಣ್ಣದೊಂದು ಮ್ಯೂಸಿಯಂ ಇದೆ. ಗರಿಗೆ ಹುಳ ಹಿಡಿಯದಂತೆ ಏನಿಡುತ್ತಿದ್ದರು ಗೊತ್ತಾ? ಬಜೆ, ಲವಂಗ, ಮೆಣಸು, ಚಕ್ಕೆ ಎಲ್ಲ ಪುಡಿ ಮಾಡಿ ಕಟ್ಟಿದ ಸಣ್ಣ ಗಂಟು. ನಿನಗೆ ತೇಯ್ದು ನೆಕ್ಕಿಸುತ್ತಿದ್ದೆನಲ್ಲ, ಅದೇ ಬಜೆ!

ಡಾಕ್ಟರಮ್ಮನಿಗೆ ಹೇಳಲೇಬೇಕಾದದ್ದು ಬೇರೆ ಇದೆ. ಈ ಗ್ರಂಥಾಲಯವನ್ನು ಇಷ್ಟು ಬೆಳೆಸಿದವನು ತಂಜಾವೂರಿನ ಮರಾಠ ದೊರೆ ಎರಡನೆಯ ಸರ್ಫೋಜಿ. 1798ರಲ್ಲಿ ಪಟ್ಟಕ್ಕೆ ಬಂದ. ಮರುವರ್ಷವೇ ಈಸ್ಟ್ ಇಂಡಿಯಾ ಕಂಪನಿಯವರು ರಾಜ್ಯ ತೆಗೆದುಕೊಂಡರು. ಅವನಿಗೆ ಉಳಿದದ್ದು ಕೋಟೆ, ಒಂದಿಷ್ಟು ಸುತ್ತಮುತ್ತ. ಆಳಲು ಊರಿಲ್ಲದ ದೊರೆ ಪುಸ್ತಕ ಕೂಡಿಸುತ್ತಾ ಕೂತ. ಕಾಶಿಯಿಂದ ಹಸ್ತಪ್ರತಿ ತರಿಸಿದ, ಯುರೋಪಿನ ಪುಸ್ತಕ ಕೊಂಡು ರುಜು ಹಾಕಿದ. ಕಣ್ಣಿನ ರೋಗಿಗಳಿಗೆ ಚಿಕಿತ್ಸೆ ಕೊಡಿಸಿ, ಅವರ ಕಣ್ಣುಗಳ ಚಿತ್ರವನ್ನು ಬಣ್ಣದಲ್ಲಿ ಬರೆಸಿ, ಕಾಯಿಲೆ ಏನು, ಮದ್ದು ಏನು ಅಂತ ದಾಖಲೆ ಇಡಿಸಿದ. ಇನ್ನೂರು ವರ್ಷದ ಹಿಂದಿನ ಕೇಸ್ ಶೀಟು! ನಿನ್ನ ಕೋಳಿಕಾಲು ಅಕ್ಷರ ನೆನೆದು ಅಲ್ಲೇ ನಕ್ಕುಬಿಟ್ಟೆ. 1832ರಲ್ಲಿ ಅವನು ತೀರಿಕೊಂಡ. ಗ್ರಂಥಾಲಯ ಸಾರ್ವಜನಿಕರದ್ದಾಗಿದ್ದು 1918ರಲ್ಲಿ.

ಅದೇ ಅರಮನೆಯಲ್ಲಿ ಕಲಾ ಗ್ಯಾಲರಿಯೂ ಇದೆ, ತುಂಬ ಚೋಳರ ಕಂಚಿನ ವಿಗ್ರಹಗಳು. ನೂರು ಮೂರ್ತಿ ನೋಡಿದರೂ ನನ್ನ ಮನಸ್ಸಲ್ಲಿ ನಿಂತದ್ದು ಒಂದೇ. ತಿರುವೆಂಗಾಡು ಅನ್ನೋ ಊರಿನ ವೃಷಭವಾಹನ ಶಿವ, 1011ರದ್ದು. ಹಾವುಗಳನ್ನು ಸೇರಿಸಿ ಜಟೆಯನ್ನು ರುಮಾಲಿನ ಹಾಗೆ ಸುತ್ತಿಕೊಂಡಿದ್ದಾನೆ. ಒಂದು ಕಾಲನ್ನು ಇನ್ನೊಂದರ ಮುಂದೆ ಅಡ್ಡ ಹಾಕಿ, ಬಸವನ ಮೇಲೆ ಕೈಯೂರಿ ನಿಂತ ಭಂಗಿ. ಆದರೆ ಬಸವನೇ ಇಲ್ಲ, ಯಾವಾಗಲೋ ಕಳೆದುಹೋಗಿದೆ. ಆದರೂ ಒರಗಿದ ಭಾರ ಕಾಣುತ್ತದೆ ಕಣೇ! ಬಸವ ಎಷ್ಟೆತ್ತರ ಇದ್ದಿರಬಹುದು ಅಂತ ನಾನೂ ಪಕ್ಕದಲ್ಲಿ ಹಾಗೇ ಮೊಣಕೈ ಎತ್ತಿ ಅಳತೆ ನೋಡುತ್ತಿದ್ದೆ. ನಿಮ್ಮಪ್ಪ ಬಂದು, "ಎಲ್ಲರೂ ನಿನ್ನನ್ನೇ ನೋಡ್ತಿದ್ದಾರೆ, ನಡಿ" ಅಂದರು.

ರಜೆ ಸಿಕ್ಕಾಗ ಹೇಳು. ನಾನು ಇನ್ನೊಮ್ಮೆ ಬರಲು ತಯಾರು.

ನಿನ್ನ ಅಮ್ಮ