ಎರಡನೇ ಸಾಲಿನ ಪಂಜರಗಳಿಗೆ ಮೂರು ತಿಂಗಳು ಬಿಡುವು: ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರೇ,

ಇನ್ನು ಮೂರು ತಿಂಗಳು ನಮ್ಮ ಮೀನು ವಾರಕ್ಕೆ ನಾಲ್ಕು ದಿನದ ಬದಲು ಎರಡೇ ದಿನ ಸಿಗುತ್ತದೆ. ಸಮುದ್ರದಲ್ಲಿ ನಾವು ಮೀನು ಸಾಕುವ ಬಲೆಯ ಪಂಜರಗಳ ಪೈಕಿ ಎರಡನೇ ಸಾಲಿನವುಗಳಲ್ಲಿ ಮೀನು ಹಿಡಿದು ಮುಗಿದಿದೆ. ಸದ್ಯಕ್ಕೆ ಅಲ್ಲಿ ಹೊಸ ಮರಿ ಬಿಡುವುದಿಲ್ಲ. ಇದನ್ನು ಮುಂಚೆಯೇ ತಿಳಿಸಬೇಕಿತ್ತು, ತಿಳಿಸಲಿಲ್ಲ. ಕಳೆದ ವಾರ ಬಂದು ಬರಿಗೈಯಲ್ಲಿ ವಾಪಸಾದವರ ಕ್ಷಮೆ ಕೇಳುತ್ತೇವೆ. ಹಾಗಂತ ತೀರ್ಮಾನ ತಪ್ಪು ಅಂತ ನಮಗನ್ನಿಸಿಲ್ಲ.

ಕಾರಣ, ಪಂಜರದಡಿಯ ಕೆಸರು. ದೋಣಿಯಿಂದ ಗ್ರ್ಯಾಬ್ ಇಳಿಸಿದರೆ ಅದು ತಳ ಮುಟ್ಟಿದೊಡನೆ ಬಾಯಿ ಮುಚ್ಚಿಕೊಂಡು ಒಂದು ತುತ್ತು ಕೆಸರು ಕಚ್ಚಿ ತರುತ್ತದೆ. ಒಂದನೇ ಸಾಲಿನ ಕೆಸರು ಬೂದುಬಣ್ಣದ್ದು. ಜರಡಿಯಲ್ಲಿ ತೊಳೆದಾಗ ಚಿಪ್ಪು, ಪುಟ್ಟ ಏಡಿ, ಬಗೆಬಗೆಯ ಹುಳಗಳು ಸಿಕ್ಕವು. ಎರಡನೇ ಸಾಲಿನದು ಕಪ್ಪಗಿತ್ತು, ಟ್ರೇಗೆ ಸುರಿದ ಕೂಡಲೇ ಕೊಳೆತ ಮೊಟ್ಟೆಯ ನಾತ. ಜರಡಿಯಲ್ಲಿ ಉಳಿದದ್ದು ದಾರದೆಳೆಯಂಥ ಕೆಂಪು ಹುಳ, ಒಂದೇ ಜಾತಿ, ರಾಶಿರಾಶಿ. ಕ್ಯಾಪಿಟೆಲ್ಲ ಅಂದರು ಲ್ಯಾಬಿನವರು. ಬೇರೆ ಜೀವಿಗಳು ಜಾಗ ಬಿಟ್ಟ ಮೇಲೆ ಹುಲುಸಾಗಿ ಬೆಳೆಯುವ ಹುಳ ಅದು.

ತಿನ್ನದೆ ಉಳಿದ ಮೇವು, ಮೀನಿನ ಹಿಕ್ಕೆ ಎಲ್ಲ ತಳಕ್ಕಿಳಿಯುತ್ತದೆ. ಅದನ್ನು ಕೊಳೆಸುವ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನೆಲ್ಲ ಮುಗಿಸಿದ ಮೇಲೆ ಸಲ್ಫೇಟ್ ಬಳಸುವ ಇನ್ನೊಂದು ಬಗೆಯವು ಕೆಲಸ ಶುರುಮಾಡುತ್ತವೆ. ಆ ನಾತದ ಹೈಡ್ರೋಜನ್ ಸಲ್ಫೈಡ್ ಅವುಗಳದ್ದೇ. ನೀರಿನ ಸೆಳೆತ ಚೆನ್ನಾಗಿರುವ ಕಡೆ ಕಸ ಚದುರಿಹೋಗುತ್ತದೆ. ಎರಡನೇ ಸಾಲು ಇರುವಲ್ಲಿ ಸೆಳೆತ ಕಮ್ಮಿ. ಗಾಳಿಗೆ ಬಲೆ ಹರಿಯದಿರಲಿ ಅಂತ ಮರೆ ಹುಡುಕಿ ಅಲ್ಲಿ ಕಟ್ಟಿದವರು ನಾವೇ. ಆ ತಪ್ಪು ನಮ್ಮದು.

ಈಗ ಎಲ್ಲರ ಬಾಯಲ್ಲೂ ಇರುವ ಮಾತಿಗೆ ಬರುತ್ತೇವೆ: “ಸಮುದ್ರ ಚೆನ್ನಾಗಿದ್ದರೆ ಪರೀಕ್ಷೆ ಯಾಕೆ, ಕೆಟ್ಟಿದ್ದರೆ ಮೀನು ಯಾಕೆ ಮಾರ್ತೀರಿ?” ಕೇಳಿ ಕೇಳಿ ಸಾಕಾಗಿದೆ. ಆದರೂ ಪ್ರಶ್ನೆ ನ್ಯಾಯದ್ದೇ. ಕೆಸರಿನ ಪರೀಕ್ಷೆ ಮೀನಿನ ಮಾಂಸದ ಪರೀಕ್ಷೆಯಲ್ಲ. ತಳದಲ್ಲಿ ಬದುಕುವ ಜೀವಿಗಳಿಗೆ ನಮ್ಮಿಂದ ಎಷ್ಟು ತೊಂದರೆಯಾಗಿದೆ ಅನ್ನುವ ಲೆಕ್ಕ ಅದು. ಪಂಜರದ ನೀರು ಕೆಟ್ಟರೆ ನಿಮಗಿಂತ ಮೊದಲು ಮೀನಿಗೇ ಗೊತ್ತಾಗುತ್ತದೆ: ಮೇವು ಬಿಡುತ್ತದೆ, ಮೇಲೆ ಬಂದು ಬಾಯಿ ಬಿಡುತ್ತದೆ. ಅದಕ್ಕೇ ದಿನಾ ನಸುಕಿನಲ್ಲಿ, ಆಮ್ಲಜನಕ ತೀರಾ ಇಳಿದಿರುವ ಹೊತ್ತಿನಲ್ಲೇ, ಮೀಟರ್ ಇಳಿಸಿ ನೋಡುತ್ತೇವೆ. ಲೀಟರಿಗೆ 5 ಮಿಲಿಗ್ರಾಂಗಿಂತ ಕಮ್ಮಿ ಬಂದರೆ ಅವತ್ತು ಮೇವು ಬಂದ್. ಕೆಸರು ಪೂರ್ತಿ ಕೆಟ್ಟು ಗುಳ್ಳೆ ಏಳುವವರೆಗೆ ಕಾಯುವುದು ಬೇಡ ಅಂತಲೇ ಈಗ ಬಿಡುವು ಕೊಟ್ಟಿದ್ದು. ಗದ್ದೆ ಬೀಳು ಬಿಟ್ಟವನನ್ನು ಯಾರೂ ಬೈಯುವುದಿಲ್ಲ, ನಮ್ಮನ್ನು ಮಾತ್ರ ಬೈತಾರೆ. ನಾರ್ವೆಯಲ್ಲಿ ಪ್ರತಿ ಸಲ ಮೀನು ಹಿಡಿದು ಮುಗಿಸಿದ ಮೇಲೆ ಕನಿಷ್ಠ ಎರಡು ತಿಂಗಳು ಜಾಗ ಖಾಲಿ ಬಿಡಬೇಕೆಂಬ ನಿಯಮವೇ ಇದೆ. ಅಲ್ಲಿನ ಎನ್‌ಎಸ್ 9410 ಎಂಬ ಮಾನದಂಡದಲ್ಲಿ ಕೆಸರಿನ ಬಣ್ಣ, ವಾಸನೆಗೂ ಅಂಕ ಹಾಕುತ್ತಾರೆ.

ನೀರು ಹಸಿರಾದಾಗಲೆಲ್ಲ ನಮ್ಮತ್ತ ಬೆರಳು ತೋರಿಸುವವರಿಗೂ ಒಂದು ಮಾತು. ಮೇವಿನ ಸಾರಜನಕದಲ್ಲಿ ಅರ್ಧಕ್ಕಿಂತ ಹೆಚ್ಚು ನೀರಿಗೇ ಸೇರುತ್ತದೆ, ನೀರನ್ನು ಹಸಿರು ಮಾಡುವ ಪಾಚಿಗೆ ಅದೇ ಗೊಬ್ಬರ, ಒಪ್ಪುತ್ತೇವೆ. ಆದರೆ ಚರಂಡಿ ನೀರು, ಹೊಲದ ಗೊಬ್ಬರ ಹೊತ್ತು ತರುವ ಹೊಳೆ, ಇವೂ ಅದೇ ಸಮುದ್ರಕ್ಕೆ ಬರುತ್ತವಲ್ಲ? ಯಾರ ಪಾಲು ಎಷ್ಟೆಂದು ಗೊತ್ತಾಗಲಿ ಅಂತಲೇ ದೂರದಲ್ಲಿ, ಅಷ್ಟೇ ಆಳದ, ಅಂಥದೇ ತಳದ ಇನ್ನೊಂದು ಜಾಗದಿಂದಲೂ ಅದೇ ದಿನ ಸ್ಯಾಂಪಲ್ ತೆಗೆಯುತ್ತೇವೆ. ಅಲ್ಲಿನ ನೀರೂ ಹಸಿರಾಗಿದ್ದರೆ ನಮ್ಮನ್ನೊಬ್ಬರನ್ನೇ ಬೈಯಬೇಡಿ.

“ಪರೀಕ್ಷೆ ಖರ್ಚು ನಮ್ಮ ತಲೆಗೆ ಹಾಕ್ತೀರಿ” ಅನ್ನುವುದೂ ಕಿವಿಗೆ ಬಿದ್ದಿದೆ. ಖರ್ಚು ಗ್ರ್ಯಾಬಿನದಲ್ಲ, ಅದು ಒಂದೇ ಸಲದ್ದು. ದಿನಪೂರ್ತಿ ದೋಣಿ, ಮುಳುಗುಗಾರ, ಸೂಕ್ಷ್ಮದರ್ಶಕದ ಮುಂದೆ ದಿನಗಟ್ಟಲೆ ಕೂತು ಹುಳ ಎಣಿಸುವವರ ಸಂಬಳ, ಇವಕ್ಕೆ ದುಡ್ಡು ಬೇಕು. ಎಲ್ಲಕ್ಕಿಂತ ಭಾರ ಖಾಲಿ ಪಂಜರ. ಮೀನಿಲ್ಲದಿದ್ದರೂ ಲಂಗರು, ಹಗ್ಗ, ರಾತ್ರಿ ಕಾವಲು ಯಾವುದೂ ತಪ್ಪುವುದಿಲ್ಲ. ಈ ಮೂರು ತಿಂಗಳು ಅದನ್ನು ಸದಸ್ಯರೇ ಹೊರುತ್ತೇವೆ, ದರ ಏರಿಸುವುದಿಲ್ಲ.

ಬಿಡುವು ಮುಗಿದ ಮೇಲೆ ಮತ್ತೆ ಗ್ರ್ಯಾಬ್ ಇಳಿಸುತ್ತೇವೆ. ಕೆಸರು ಇನ್ನೂ ಕಪ್ಪಗಿದ್ದರೆ ಮರಿ ಬಿಡುವುದಿಲ್ಲ, ಮತ್ತೆ ನಿಮಗೆ ಪತ್ರ ಬರೆಯುತ್ತೇವೆ. ಗ್ರ್ಯಾಬ್ ಇಳಿಸುವ ದಿನ ದೋಣಿಯಲ್ಲಿ ಮೂರು ನಾಲ್ಕು ಜನಕ್ಕೆ ಜಾಗವಿದೆ, ನೋಡಬೇಕೆನ್ನುವವರು ಹೆಸರು ಕೊಡಿ. ಹಳೇ ಬಟ್ಟೆ ಹಾಕಿಕೊಂಡು ಬನ್ನಿ, ಆ ನಾತ ಒಂದು ಒಗೆತಕ್ಕೆ ಹೋಗುವುದಿಲ್ಲ.

ಇಂತಿ ನಿಮ್ಮ,
ಕಾರ್ಯದರ್ಶಿ, ಸಂಘದ ಎಲ್ಲ ಸದಸ್ಯರ ಪರವಾಗಿ