ಆಕ್ಸಿಮೀಟರ್‌ನ ನಮ್ಮ ಬೆರಳ ಮೇಲೂ ಟೆಸ್ಟ್ ಮಾಡಿ

ಮಾನ್ಯ ಸಂಪಾದಕರಿಗೆ ನಮಸ್ಕಾರ,

2021ರ ಮೇನಲ್ಲಿ, ಕೊರೋನಾ ಎರಡನೇ ಅಲೆ ಟೈಮಲ್ಲಿ, ನಾನು ಒಂದು ಆಸ್ಪತ್ರೇಲಿ ಸ್ಟಾಫ್ ನರ್ಸ್ ಆಗಿದ್ದೆ. ಯಾರಿಗೆ ಬೆಡ್ ಕೊಡ್ಬೇಕು ಅನ್ನೋದನ್ನ ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿ ಆಕ್ಸಿಜನ್ ಶೇಕಡಾ ಎಷ್ಟಿದೆ ಅಂತ ನೋಡೋ ಆಕ್ಸಿಮೀಟರೇ ಹೇಳ್ತಿತ್ತು, 94 ಅಥವಾ ಅದಕ್ಕಿಂತ ಮೇಲಿದ್ರೆ ಮನೇಲೇ ಇರಿ, 90ರಿಂದ 93 ಇದ್ರೆ ಆಕ್ಸಿಜನ್, ಅದಕ್ಕೂ ಕೆಳಗಿದ್ರೆ ಐಸಿಯು. ಒಂದಿನ ಕೂಲಿ ಮಾಡೋ ಅಣ್ಣ ಒಬ್ರು ಬಂದ್ರು, ಬಿಸಿಲಲ್ಲಿ ದುಡಿದು ದುಡಿದು ಕಪ್ಪಗಾದ ಮೈ, ಮೀಟರ್ 95 ಅಂತಿದೆ ಆದ್ರೆ ಎರಡು ಮಾತಿಗೊಂದು ಸಲ ಏದುಸಿರು. ವಾಪಸ್ ಕಳಿಸೋಕೇ ಹೊರಟಿದ್ರು. ಒಬ್ರು ಪಿಜಿ ಡಾಕ್ಟರ್ ಡೌಟ್ ಬಂದು ಎಬಿಜಿ ಮಾಡಿಸಿದ್ರು, ಅಂದ್ರೆ ಮಣಿಕಟ್ಟಿನ ನಾಳದಿಂದ ರಕ್ತ ತೆಗೆದು ಅದರಲ್ಲೇ ಆಕ್ಸಿಜನ್ ನೋಡೋದು. 87 ಬಂತು.

ಬೆರಳು ತಣ್ಣಗಿದ್ರೂ, ಉಗುರಿಗೆ ಬಣ್ಣ ಇದ್ರೂ ಮೀಟರ್ ತಪ್ಪುತ್ತೆ, ಹಾಗಾಗಿ ಅವತ್ತು ಚರ್ಮದ ಬಣ್ಣವೇ ಕಾರಣ ಅಂತ ನಾನು ಆಣೆ ಇಟ್ಟು ಹೇಳಲ್ಲ. ಆದ್ರೆ ಇದು ಬರೀ ನನ್ನ ಅನುಮಾನವೂ ಅಲ್ಲ. ಅಮೆರಿಕದ ಮಿಷಿಗನ್ ಯೂನಿವರ್ಸಿಟಿ ಡಾಕ್ಟರ್‌ಗಳು 2020ರ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಲೆಕ್ಕ ನೋಡಿ, ಮೀಟರ್ 92ರಿಂದ 96 ತೋರಿಸ್ತಿದ್ದಾಗ ರಕ್ತದಲ್ಲಿ ನಿಜವಾಗಿ 88ಕ್ಕಿಂತ ಕಮ್ಮಿ ಇದ್ದದ್ದು ಬಿಳಿಯರಲ್ಲಿ ಶೇ 3.6, ಕಪ್ಪು ಜನರಲ್ಲಿ ಶೇ 11.7. ಹೆಚ್ಚುಕಮ್ಮಿ ಮೂರು ಪಟ್ಟು! ಇಂಥದೇ ಎಚ್ಚರಿಕೆ 1990ರಲ್ಲೇ ಬಂದಿತ್ತು, ಮೂವತ್ತು ವರ್ಷ ಹೆಚ್ಚು ಜನ ತಲೆ ಕೆಡಿಸ್ಕೊಳ್ಳಲಿಲ್ಲ.

ಮೀಟರ್ ಕೆಂಪು ಬೆಳಕು ಮತ್ತೆ ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕು ಎರಡನ್ನೂ ಬೆರಳೊಳಗೆ ಬಿಟ್ಟು, ಎಷ್ಟು ದಾಟಿ ಬಂತು ಅಂತ ನೋಡಿ, ಮೊದಲೇ ತುಂಬಿಟ್ಟಿರೋ ಟೇಬಲ್ ಪ್ರಕಾರ ಶೇಕಡಾವಾರು ಹೇಳುತ್ತೆ. ಚರ್ಮಕ್ಕೆ ಬಣ್ಣ ಕೊಡೋ ಮೆಲನಿನ್ ಕೂಡ ಬೆಳಕನ್ನ ಹೀರುತ್ತೆ. ಆ ಟೇಬಲ್ ಮಾಡಿದ್ದು ಮಾತ್ರ ಹೆಚ್ಚಾಗಿ ತಿಳಿಬಣ್ಣದ ವಾಲಂಟಿಯರ್‌ಗಳ ಮೇಲೆ. ಔಷಧಿ, ವೈದ್ಯಕೀಯ ಸಾಧನಗಳಿಗೆ ಒಪ್ಪಿಗೆ ಕೊಡೋ ಅಮೆರಿಕದ ಎಫ್‌ಡಿಎ 2013ರ ಗೈಡ್‌ಲೈನ್‌ನಲ್ಲಿ ಕೇಳಿದ್ದು ಕನಿಷ್ಠ 10 ಜನ, ಅದರಲ್ಲಿ ಕಡು ಬಣ್ಣದವರು 2 ಜನ ಅಥವಾ ಶೇ 15, ಯಾವುದು ಹೆಚ್ಚೋ ಅಷ್ಟಿದ್ರೆ ಸಾಕಂತೆ. 2025ರ ಜನವರಿಯ ಕರಡಿನಲ್ಲಿ ಟೆಸ್ಟ್‌ಗೆ ಬೇಕಾದ ಒಟ್ಟು ಜನರನ್ನ ಕನಿಷ್ಠ 150ಕ್ಕೆ ಏರಿಸೋ ಪ್ರಸ್ತಾಪ ಇದೆ. ಎಲ್ಲರಿಗೂ ಒಂದೇ ಅಳತೆ ಸರಿಹೋಗದೆ ಇರೋದು ಮೀಟರ್ ಒಂದರ ಕಥೆಯೂ ಅಲ್ಲ, ಜೋಲ್ಪಿಡೆಮ್ ಅನ್ನೋ ನಿದ್ದೆ ಮಾತ್ರೆ ಹೆಂಗಸರಿಗೆ ಅರ್ಧ ಡೋಸ್ ಸಾಕು ಅಂತ ಅದೇ ಎಫ್‌ಡಿಎ ಹೇಳಿದ್ದು 2013ರಲ್ಲಿ, ಮಾರ್ಕೆಟ್‌ಗೆ ಬಂದು ಎಷ್ಟೋ ವರ್ಷ ಆದ್ಮೇಲೆ.

ನಮ್ಮಲ್ಲಿ ಬಣ್ಣದ ಮಾತು ಬಂದ್ರೆ ಎಲ್ಲರಿಗೂ ಮುಜುಗರ, ಕೇಸ್ ಶೀಟ್‌ನಲ್ಲಿ ವಯಸ್ಸು, ತೂಕ ಎಲ್ಲ ಬರೀತೀವಿ, ಅದನ್ನ ಮಾತ್ರ ಬರೆಯಲ್ಲ. ಬರೆಯದೇ ಇದ್ರೆ ತಪ್ಪು ಕಾಣೋದಾದ್ರೂ ಹೇಗೆ? ಮೀಟರ್ ಕೈಕೊಟ್ರೆ ಮೊದಲು ಸಾಯೋದು ಬಿಸಿಲಲ್ಲಿ ದುಡಿಯೋರೇ ಅಲ್ವಾ.

ರಾಜೀವ್ ಗಾಂಧಿ ಆರೋಗ್ಯ ವಿವಿಯ ಪಿಜಿಗಳೆಲ್ಲ ಥೀಸಿಸ್ ಬರೀಲೇಬೇಕು. ಐಸಿಯುಗಳಲ್ಲಿ ಎಬಿಜಿ ದಿನಾ ಆಗುತ್ತೆ, ಅದೇ ಹೊತ್ತಿಗೆ ಮೀಟರ್ ರೀಡಿಂಗ್, ಚರ್ಮದ ಬಣ್ಣ ಎರಡನ್ನೂ ಬರ್ಕೊಂಡ್ರೆ ನಮ್ಮ ಜನರದ್ದೇ ಲೆಕ್ಕ ಸಿಗುತ್ತೆ, ದೊಡ್ಡ ಖರ್ಚೂ ಇಲ್ಲ. ಸರ್ಕಾರ ಆಕ್ಸಿಮೀಟರ್ ಟೆಂಡರ್ ಕರೆಯುವಾಗ ಕಂಪನಿಗಳನ್ನ ಇದೊಂದು ಕೇಳ್ಲಿ, ಕಡು ಬಣ್ಣದ ಎಷ್ಟು ಜನರ ಮೇಲೆ ಟೆಸ್ಟ್ ಮಾಡಿದ್ದೀರಿ, ದಾಖಲೆ ತೋರಿಸಿ ಅಂತ. ಅಲ್ಲಿವರೆಗೆ ಆಶಾ ಅಕ್ಕಂದಿರಿಗೂ ಕ್ಯಾಶುಯಾಲ್ಟಿಯವರಿಗೂ ನನ್ನದೊಂದು ವಿನಂತಿ, ನಂಬರ್ ಚೆನ್ನಾಗಿದ್ರೂ ರೋಗಿ ಏದುಸಿರು ಬಿಡ್ತಿದ್ರೆ ದಯವಿಟ್ಟು ಮನೆಗೆ ಕಳಿಸ್ಬೇಡಿ.

– ಒಬ್ಬ ಸ್ಟಾಫ್ ನರ್ಸ್, ಚಿತ್ರದುರ್ಗ